“ಅಪ್ಪ ಮನೇಲಿಲ್ಲ, ಆಂಟಿ”

“ಅಪ್ಪ ಮನೇಲಿಲ್ಲ, ಆಂಟಿ.”

ಗಿಣಿ ಬಾಗಿಲನ್ನು ಅರ್ಧ ಮಾತ್ರ ತೆರೆದು ಹೇಳಿದಳು. ಒಳಗೆ ಅಪ್ಪ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದರು. ಹಾಗೆ ಹೇಳು ಎಂದು ಸನ್ನೆ ಮಾಡಿದವರೂ ಅವರೇ.

ಹೊರಗೆ ನಿಂತಿದ್ದವರು ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಟೈಲರ್ ಆಂಟಿ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು.

“ಹೌದಾ? ಬಂದ್ಮೇಲೆ ಹೇಳ್ತೀಯಾ ಪುಟ್ಟಾ? ಬಾತ್‌ರೂಮಿನ ಗ್ಯಾಸ್ ಗೀಸರ್ ಯಾಕೋ ಸರಿಯಿಲ್ಲ. ಉರಿ ನೀಲಿ ಇರೋ ಬದ್ಲು ಹಳದಿ ಬರ್ತಿದೆ. ಸ್ನಾನ ಮಾಡಿ ಬಂದ್ರೆ ತಲೆನೋವು. ನಾವು ಬಂದು ಎರಡು ವರ್ಷ ಆಯ್ತು, ಒಂದ್ಸಲಾನೂ ಯಾರೂ ಬಂದು ನೋಡಿಲ್ಲ.”

“ಹೇಳ್ತೀನಿ ಆಂಟಿ.”

ಬಾಗಿಲು ಮುಚ್ಚಿದ್ದೇ ತಡ, ಅಪ್ಪ ನಕ್ಕರು. “ಭಲೇ! ಇವರ ದೂರು ಮುಗಿಯೋದೇ ಇಲ್ಲ ನೋಡು. ಮೊನ್ನೆ ನಲ್ಲಿ, ಇವತ್ತು ಗೀಸರ್. ಮುಂದಿನ ವಾರ ನೋಡೋಣ ಬಿಡು.”

ಗಿಣಿಗೂ ನಗು ಬಂತು. ಅಪ್ಪನ ಜೊತೆ ಸೇರಿ ಕಳ್ಳಾಟ ಆಡಿದ ಹಾಗಿತ್ತು. ಸದಾ ವಟವಟ ಅನ್ನುವ ಅವಳಿಗೆ ಅಪ್ಪನೇ ಇಟ್ಟ ಹೆಸರು ಗಿಣಿ. ಹೇಳಿಕೊಟ್ಟದ್ದನ್ನು ಚೆನ್ನಾಗಿಯೇ ಒಪ್ಪಿಸಿದ್ದಳು.

ಮುಂದಿನ ವಾರ ಆಂಟಿ ಮತ್ತೆ ಬಂದರು. ಅದರ ಮುಂದಿನ ವಾರವೂ ಬಂದರು. ಎರಡು ಸಲವೂ ಗಿಣಿ ಅದನ್ನೇ ಹೇಳಿದಳು.

ಆಂಟಿಯ ಮಗಳು ಗುಂಗುರು ಕೂದಲಿನವಳು. ಗಿಣಿಯ ಕ್ಲಾಸಿನವಳೇ. ಎಲ್ಲರೂ ಅವಳನ್ನು ಗುಂಗುರು ಅಂತಲೇ ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಅವಳು ಡೆಸ್ಕಿಗೆ ತಲೆಯಾನಿಸಿ, “ತಲೆ ಸಿಡೀತಿದೆ ಕಣೆ” ಅಂದಳು.

“ಕಳ್ಳಿ! ಮ್ಯಾಥ್ಸ್ ಟೆಸ್ಟ್ ಇದೆ ಅಂತ ತಾನೇ?” ಎಂದು ಗಿಣಿ ಅವಳನ್ನು ತಿವಿದಿದ್ದಳು.

ಸೋಮವಾರ ಬೆಳಿಗ್ಗೆ ಮೇಲಿನ ಮನೆಯಲ್ಲಿ ದಡ್ ಎಂದು ಸದ್ದಾಯಿತು. ಹಿಂದೆಯೇ ಆಂಟಿಯ ಕೂಗು. “ಬಾಗ್ಲು ತೆಗಿಯೇ! ಯಾರಾದ್ರೂ ಬನ್ನಿ!”

ಅಪ್ಪ ಎರಡೆರಡು ಮೆಟ್ಟಿಲು ಹಾರಿ ಓಡಿದರು. ಭುಜ ಕೊಟ್ಟು ಬಾತ್‌ರೂಮಿನ ಚಿಲಕ ಮುರಿದರು. ಟವೆಲಿನಲ್ಲಿ ಸುತ್ತಿದ ಗುಂಗುರುವನ್ನು ಎತ್ತಿಕೊಂಡು ಹೊರಗಿನ ಗಾಳಿಗೆ ತಂದರು. ಅವಳ ಕೈ ಜೋತುಬಿದ್ದಿತ್ತು.

ಆಂಬುಲೆನ್ಸ್ ಹೋದ ಮೇಲೆ ಗ್ಯಾಸ್ ಮೆಕ್ಯಾನಿಕ್ ಬಂದ. ಏಣಿ ಹತ್ತಿ ಗೀಸರಿನ ಹೊಗೆ ಪೈಪಿನೊಳಗೆ ಕೈ ಹಾಕಿದ. ಒಣಹುಲ್ಲು, ಕಡ್ಡಿ, ಪುಕ್ಕ ಹಿಡಿಹಿಡಿಯಾಗಿ ಹೊರಬಂದವು.

“ಹಕ್ಕಿ ಗೂಡು ಕಟ್ಟಿದೆ ಸಾರ್. ಹೊಗೆ ಹೋಗೋ ದಾರೀನೇ ಮುಚ್ಚಿದೆ. ವಿಷದ ಗಾಳಿಯೆಲ್ಲ ಒಳಗೇ ತುಂಬ್ಕೊಂಡಿದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅವರು ನಿಮಗೆ ಹೇಳಿರ್ಲಿಲ್ವಾ?”

ಅಪ್ಪ ನೆಲ ನೋಡಿದರು.

“ಅವರು ಹೇಳ್ದೆ ಇದ್ರೂ ವರ್ಷಕ್ಕೊಂದ್ಸಲ ನೀವೇ ಚೆಕ್ ಮಾಡಿಸ್ಬೇಕು ಸಾರ್. ಮನೆ ಬಾಡಿಗೆಗೆ ಕೊಟ್ಟೋರ ಜವಾಬ್ದಾರಿ ಅದು. ಬರೀ ಅರ್ಧ ಗಂಟೆ ಕೆಲಸ.”

“ಅರ್ಧ ಗಂಟೆ...” ಅಪ್ಪ ತಮ್ಮಷ್ಟಕ್ಕೆ ಅಂದುಕೊಂಡರು.

ಮರುದಿನ ಆಸ್ಪತ್ರೆಯಲ್ಲಿ ಗುಂಗುರು ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು ಮಲಗಿದ್ದಳು. ಕಣ್ಣು ಬಿಟ್ಟಿದ್ದಾಳೆ, ಭಯವಿಲ್ಲ ಎಂದು ನರ್ಸ್ ಹೇಳಿದರು. ಅಪ್ಪ ಬಾಗಿಲಲ್ಲೇ ನಿಂತರು. ಗಿಣಿ ಆಂಟಿಯ ಹತ್ತಿರ ಹೋದಳು.

“ಆಂಟಿ, ಆವತ್ತು ಅಪ್ಪ ಮನೇಲೇ ಇದ್ರು. ಮೂರು ಸಲಾನೂ ಇದ್ರು.”

“ಗೊತ್ತಿತ್ತು ಕಣೆ. ಸ್ಕೂಟರ್ ಹೊರಗೇ ನಿಂತಿತ್ತಲ್ಲ.”

ಅಪ್ಪ ಮೆಲ್ಲಗೆ ಒಳಗೆ ಬಂದರು. “ತಪ್ಪು ನಂದಮ್ಮ. ಮಗು ಬಾಯಲ್ಲಿ ಸುಳ್ಳು ಹೇಳ್ಸಿದ್ದೂ ನಾನೇ.”

ಆಂಟಿ ಅತ್ತ ತಿರುಗಿ ಮಗಳ ಹೊದಿಕೆ ಸರಿಮಾಡಿದರು. ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಗಿಣಿಗೆ.

ಗುಂಗುರು ಹುಷಾರಾದಳು. ಅಪ್ಪ ಹಳೇ ಗೀಸರ್ ಕಿತ್ತುಹಾಕಿಸಿದರು. ಆದರೂ ತಿಂಗಳ ಕೊನೆಗೆ ಆಂಟಿ ಮನೆ ಖಾಲಿ ಮಾಡಿದರು. ಹೊಲಿಗೆ ಮಿಷನ್ನನ್ನು ಅಪ್ಪನೇ ಹೊತ್ತು ಕೆಳಗೆ ತಂದರು. ‘ಇರಿ’ ಅನ್ನಲು ಮಾತ್ರ ಅವರಿಗೆ ಬಾಯಿ ಬರಲಿಲ್ಲ.

ಒಂದು ದಿನ ಊಟದ ಬಿಡುವಿನಲ್ಲಿ ಗಿಣಿ ಅಳುಕುತ್ತಲೇ ಗುಂಗುರುವನ್ನು ಕೇಳಿದಳು, “ಹೊಸ ಮನೆ ಹೇಗಿದೆ?”

“ಚೆನ್ನಾಗಿದೆ. ಆದ್ರೆ ಅಮ್ಮ ಒಂಥರಾ ಆಗ್ಬಿಟ್ಟಿದಾರೆ ಕಣೆ. ನಾನು ಸ್ನಾನಕ್ಕೆ ಹೋದ್ರೆ ಸಾಕು, ಹೊಲಿಗೆ ಬಿಟ್ಟು ಬಾಗಿಲ ಹತ್ರಾನೇ ನಿಂತಿರ್ತಾರೆ. ನಿಮಿಷಕ್ಕೊಂದ್ಸಲ ಟಕಟಕ ಬಡೀತಾರೆ. ‘ಇದೀನಮ್ಮಾ, ಇದೀನಿ’ ಅಂತಾನೇ ಇರ್ಬೇಕು ನಾನು! ಸೋಪೆಲ್ಲಾ ಬಾಯೊಳಗೆ!”

ಗುಂಗುರು ಕಿಲಕಿಲ ನಕ್ಕಳು. ಗಿಣಿಯೂ ನಗಲು ನೋಡಿದಳು.

ಮುಚ್ಚಿದ ಬಾಗಿಲ ಹೊರಗೆ, ಒಂದು ‘ಇದೀನಿ’ ಕೇಳಿಸುವವರೆಗೆ ಉಸಿರು ಬಿಗಿಹಿಡಿದು ನಿಂತ ಆಂಟಿ ಅವಳ ಕಣ್ಣ ಮುಂದೆ ಬಂದರು. ನಗು ಬರಲಿಲ್ಲ.