ಅಚ್ಚಿಗೆ ಕೂರದ ದವಡೆ

ಟ್ರಂಪೆಟ್ ಊದುವವನಿಗೆ ಕೆಳತುಟಿಯ ಬಲಭಾಗದಲ್ಲಿ ಸ್ಪರ್ಶವಿರಲಿಲ್ಲ.

ಠಾಣೆಯ ಬೆಂಚಿನ ಮೇಲೆ ಅವನು ಕುಡಿಯುತ್ತಿದ್ದ ಚಹಾ ತುಟಿಯಂಚಿನಿಂದ ಅಂಗಿಗೆ ಇಳಿಯುತ್ತಿತ್ತು. ಅದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಒರೆಸುತ್ತಲೇ ದೂರು ಬರೆಸಿದಳು: ದಂತ ಕಾಲೇಜಿನಲ್ಲಿ ಹೊಸ ಹಲ್ಲು ಕೂರಿಸಲು ದವಡೆ ಕೊರೆದರು, ಅಂದಿನಿಂದ ತುಟಿ ಸತ್ತಿದೆ.

"ಊದೋಕೆ ಹೋದ್ರೆ ಗಾಳಿ ಒಂದು ದಿಕ್ಕು, ನಾನೊಂದು ದಿಕ್ಕು," ಅಂದ ಅವನು. "ನೀನು ತಾಳ ಹಾಕ್ಕೊಂಡಿರು ಅಂತಿದಾರೆ ಬ್ಯಾಂಡಿನವ್ರು. ಇದು ವಾಪಸ್ ಬರತ್ತಾ ಮೇಡಂ?"

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದಳು. ತಜ್ಞರ ಅಭಿಪ್ರಾಯವಿಲ್ಲದೆ ವೈದ್ಯರ ಮೇಲೆ ಕೈ ಹಾಕುವಂತಿರಲಿಲ್ಲ. ತಜ್ಞರ ಸಮಿತಿಯ ವರದಿ ಬಂದಾಗ ಅವಳ ತಲೆ ಇನ್ನಷ್ಟು ಕೆಟ್ಟಿತು. ಕೊರೆದದ್ದು ಹಲ್ಲಿನ ಮೇಲೆ ಕೂರಿಸಿದ್ದ ಪ್ಲಾಸ್ಟಿಕ್ ಅಚ್ಚಿನ ಪ್ರಕಾರವೇ ಇತ್ತು. ಅಚ್ಚು ಕಡತದಲ್ಲಿದ್ದ ಸ್ಕ್ಯಾನಿನ ಪ್ರಕಾರವೇ ಇತ್ತು. ಆದರೂ ನರಕ್ಕೆ ಪೆಟ್ಟಾಗಿತ್ತು.

ಕಾಲೇಜಿನ ವಿಭಾಗದಲ್ಲಿ ಪ್ರೊಫೆಸರ್ ಪರದೆ ತೋರಿಸಿದರು. "ಬಾಯಿ ಸ್ಕ್ಯಾನ್ ಮಾಡ್ತೀವಿ. ಎಲ್ಲಿ, ಎಷ್ಟು ಆಳ ಕೊರೀಬೇಕು ಅಂತ ಕಂಪ್ಯೂಟರಲ್ಲೇ ಗುರುತು ಹಾಕ್ತೀವಿ. ಅದೇ ಅಳತೆಗೆ ಪ್ಲಾಸ್ಟಿಕ್ ಅಚ್ಚು ಪ್ರಿಂಟ್ ಆಗತ್ತೆ. ಹಲ್ಲಿನ ಮೇಲೆ ಕೂರಿಸಿ ಅದರ ತೂತಲ್ಲಿ ಕೊರೆದ್ರೆ ಆಯ್ತು."

"ಕಣ್ಣು ಮುಚ್ಕೊಂಡು?" ಅಂದಳು ಇನ್‌ಸ್ಪೆಕ್ಟರ್.

ಪ್ರೊಫೆಸರ್ ಮುಖ ಗಂಟಿಕ್ಕಿದರು. "ಕೊರೆದೋಳು ಇವಳು. ನಾನು ಪಕ್ಕದಲ್ಲೇ ಇದ್ದೆ."

ಕೊನೆಯ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿನಿ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಣ್ಣು ಇನ್‌ಸ್ಪೆಕ್ಟರ್ ಜೊತೆ ಬಂದಿದ್ದ ಕಾನ್‌ಸ್ಟೇಬಲ್‌ನ ಊದಿದ ಕೆನ್ನೆಯ ಮೇಲಿತ್ತು.

"ಎಷ್ಟು ದಿನದಿಂದ ನೋವು? ಕೂತ್ಕೊಳ್ಳಿ, ನೋಡ್ತೀನಿ."

"ಬೇಡ ತಾಯಿ," ಕಾನ್‌ಸ್ಟೇಬಲ್ ಕುರ್ಚಿಯಿಂದ ಎರಡು ಹೆಜ್ಜೆ ದೂರ ಸರಿದ. "ನಾನು ಡ್ಯೂಟಿ ಮೇಲಿದೀನಿ."

ಅವಳು ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಮರುಕ್ಷಣ ನಗು ನುಂಗಿಕೊಂಡಳು.

ಅಚ್ಚನ್ನು ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರು. ಟ್ರಂಪೆಟ್‌ನವನನ್ನು ಕರೆಸಿ, ಪಂಚರ ಎದುರು ಅವನ ದವಡೆಯ ಹೊಸ ಮಾದರಿ ತೆಗೆಸಿ, ಅದರ ಮೇಲೆ ಅಚ್ಚು ಇಟ್ಟರು. ಕಾಲು ಮುರಿದ ಮೇಜಿನ ಹಾಗೆ ಅಚ್ಚು ಅಲುಗಾಡಿತು. ತಿರುಗಿಸಿ ನೋಡಿದರೆ ಒಳಬದಿಯಲ್ಲಿ ಉಜ್ಜಿದ ಗೀರುಗಳಿದ್ದವು. ಕೂರದ ಅಚ್ಚನ್ನು ಯಾರೋ ಕೆರೆದು ಕೂರಿಸಿದ್ದರು. ಅಂದರೆ ಕಡತದಲ್ಲಿದ್ದ ಬಾಯಿ ಇವನದಲ್ಲ.

ಕಂಪ್ಯೂಟರಿನ ದಾಖಲೆಯ ಪ್ರಕಾರ ಸ್ಕ್ಯಾನ್ ಬದಲಾದದ್ದು ಪ್ರೊಫೆಸರರ ಲಾಗಿನ್‌ನಿಂದ. ಪ್ರೊಫೆಸರ್ ಮಾನಿಟರಿನ ಕಡೆ ಕೈ ತೋರಿಸಿದರು. "ಅದು ಎಲ್ಲರಿಗೂ ಗೊತ್ತು. ಪಾಸ್‌ವರ್ಡ್ ಅಲ್ಲೇ ಅಂಟಿಸಿದೀವಿ." ನಿಜವೇ, ಮಾನಿಟರಿನ ಮೂಲೆಯಲ್ಲಿ ಹಳದಿ ಚೀಟಿಯಿತ್ತು.

"ಇನ್ನು ಬಾಗಿಲಿಗೆ ಚಿಲಕ ಯಾಕೆ ಸ್ವಾಮಿ?" ಅಂದ ಕಾನ್‌ಸ್ಟೇಬಲ್.

ಇನ್‌ಸ್ಪೆಕ್ಟರ್ ಪರದೆಯ ಮೇಲಿನ ದವಡೆಯನ್ನು ಹೊರಳಿಸಿದಳು. ಮುಂಭಾಗದ ಕೆಳಹಲ್ಲುಗಳ ಹಿಂಬದಿಯಲ್ಲಿ ಸಣ್ಣ ಏಣೊಂದು ಅಡ್ಡಕ್ಕೆ ಹಾದುಹೋಗಿತ್ತು. ಅಂಥದ್ದನ್ನೇ ಅವಳು ಮನೆಯಲ್ಲಿ ದಿನಾ ನೋಡುತ್ತಿದ್ದಳು. ಮಗಳ ಹಲ್ಲಿನ ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ಮತ್ತೆ ಸರಿಯದಿರಲೆಂದು ಒಳಗೆ ಅಂಟಿಸುವ ತಂತಿ ಅದು.

ಟ್ರಂಪೆಟ್‌ನವನನ್ನು ಕೇಳಿದಳು. "ಚಿಕ್ಕೋರಿದ್ದಾಗ ಹಲ್ಲಿಗೆ ಕ್ಲಿಪ್ ಹಾಕ್ಸಿದ್ರಾ?"

"ಕ್ಲಿಪ್ಪಾ? ನಮ್ಮಪ್ಪ ಬ್ರಷ್ ಕೊಡಿಸಿದ್ದೇ ದೊಡ್ಡದು."

ಇನ್‌ಸ್ಪೆಕ್ಟರ್‌ಗೆ ವಿದ್ಯಾರ್ಥಿನಿಯ ಆ ನಗು ನೆನಪಾಯಿತು. ನಗುವಾಗ ನಾಲಿಗೆಯ ಮುಂದೆ ಏನೋ ಮಿನುಗಿತ್ತು. ವಿದ್ಯಾರ್ಥಿನಿಯನ್ನು ಕರೆಸಿದಳು.

"ಬಾಯಿ ತೆರೀರಿ."

"ಯಾಕೆ?"

"ನೀವು ಕೇಳ್ದಾಗ ಯಾರಾದ್ರೂ ಯಾಕೆ ಅಂತಾರಾ? ತೆರೀರಿ."

ತೆರೆದಳು. ಪ್ರೊಫೆಸರ್ ಬಗ್ಗಿ ನೋಡಿ, ಪರದೆ ನೋಡಿ, "ಅದೇ ತಂತಿ," ಅಂದರು.

"ಇಲ್ಲಿ ಎಲ್ರೂ ಸ್ಕ್ಯಾನ್ ಕಲಿಯೋದು ನಮ್ಮ ನಮ್ಮ ಬಾಯಿ ಮೇಲೇ," ಅಂದಳು ವಿದ್ಯಾರ್ಥಿನಿ. "ಸ್ಕ್ಯಾನ್ ಮಾಡುವಾಗ ಪೇಷೆಂಟ್ ಅಲುಗಾಡಿದ್ರು, ಚಿತ್ರ ಮಸುಕಾಯ್ತು. ಮತ್ತೆ ತೆಗೀಬೇಕಂದ್ರೆ ಮಷೀನ್ ಸರದಿ ಎರಡು ವಾರ. ಪರೀಕ್ಷೆಗೆ ಈ ಕೇಸ್ ಒಪ್ಪಿಸೋಕೆ ಇದ್ದಿದ್ದು ಮೂರು ದಿನ. ನನ್ನ ದವಡೆ ಕಂಪ್ಯೂಟರಲ್ಲಿತ್ತು. ಅವ್ರಿಗೆ ಹಲ್ಲಿಲ್ಲದ ಜಾಗದ ಹಲ್ಲು ಅಳಿಸಿ, ಅದನ್ನೇ ಅವ್ರ ಕಡತಕ್ಕೆ ಹಾಕಿದೆ."

"ತಂತಿ ಅಳಿಸ್ಲಿಲ್ಲ."

"ಅದು ಬಾಯಲ್ಲಿದೆ ಅನ್ನೋದೇ ಮರೆತಿದ್ದೆ."

"ಅಚ್ಚು ಕೂರ್ದೇ ಇದ್ದಾಗ ನಿಲ್ಲಿಸಬಹುದಿತ್ತಲ್ಲ?"

"ಜೂನಿಯರ್‌ಗಳೆಲ್ಲ ನೋಡ್ತಿದ್ರು. ವಿಡಿಯೋ ಓಡ್ತಿತ್ತು. ಸರ್ ಆ ಕಡೆ ತಿರುಗಿದಾಗ ಉಜ್ಜಿದೆ."

ಅವಳ ದವಡೆಯಲ್ಲಿ ನರ ಕೆಳಗಿತ್ತು. ಅವನದರಲ್ಲಿ ಮೂರು ಮಿಲಿಮೀಟರ್ ಮೇಲಿತ್ತು.

ಸಮಿತಿ ಎರಡೂ ದವಡೆಗಳನ್ನು ಹೋಲಿಸಿ ಲಿಖಿತವಾಗಿ ಖಚಿತಪಡಿಸಿದ ದಿನ, ಬೆಳಿಗ್ಗೆ 11.20ಕ್ಕೆ ವಿಭಾಗದಲ್ಲೇ ಬಂಧನವಾಯಿತು. ಅವಳು ಏಪ್ರನ್ ಮಡಚಿ ಕುರ್ಚಿಯ ಮೇಲಿಟ್ಟು ಹೊರಟಳು. ಹಳದಿ ಚೀಟಿ ಇನ್ನೂ ಮಾನಿಟರಿನ ಮೇಲೇ ಇತ್ತು.

ಹೇಳಿಕೆಯಲ್ಲಿ ಅವಳು ಇಷ್ಟು ಬರೆಸಿದ್ದಳು: ಹಿಂದಿನ ವರ್ಷ ಒಂದು ಕೇಸ್ ಕಡಿಮೆಯಾಗಿ ನನ್ನನ್ನು ಪರೀಕ್ಷೆಗೆ ಬಿಟ್ಟಿರಲಿಲ್ಲ, ಜೊತೆಯವರೆಲ್ಲ ತಜ್ಞರಾಗಿ ಹೊರಟ ಮೇಲೆ ನಾನು ಕಿರಿಯರ ಜೊತೆ ಅದೇ ಬೆಂಚಿನಲ್ಲಿ ಕೂತಿದ್ದೆ, ಇನ್ನೊಂದು ವರ್ಷ ಹಾಗೆ ಕೂರುವುದು ಆಗುತ್ತಿರಲಿಲ್ಲ.

ನರ ಕೂಡುವುದಿಲ್ಲವೆಂದು ಸಮಿತಿ ಬರೆದಿತ್ತು. ಹೋದದ್ದು ಅರ್ಧ ತುಟಿ, ಬ್ಯಾಂಡಿನಲ್ಲಿ ಒಂದು ಜಾಗ, ಒಬ್ಬ ದಂತವೈದ್ಯೆ.