ಜೋಡಿ ಸುಳಿಗೊಂದು ರಾಗ

"ಈ ಗಂಟೆ ಬಾರಿಸೋರಿಗೆ ಏನಾಗಿದೆಯೋ ಗೊತ್ತಿಲ್ಲ. ಪ್ರತಿ ಗುರುವಾರ ಬರೀ ಸಾವಿನ ಮನೆ ರಾಗ. ಕೇಳ್ತಾ ಕೂತರೆ ಬಾಯಲ್ಲಿರೋ ಚೀಸ್ ಕೂಡ ಹುಳಿಯಾಗುತ್ತೆ."

ಹೀಗೆಂದವನು ತೈಮೆನ್. ನನ್ನ ಲ್ಯಾಪ್‌ಟಾಪ್ ತೆರೆಯುತ್ತ, ಕಿಟಕಿಯಾಚೆ ಕಾಣುವ ಸಂತೆ ಬಯಲಿನ ಗೋಪುರದ ಕಡೆ ಗದ್ದ ಎತ್ತಿ ಹೇಳಿದ. ಗುರುವಾರದ ಸಂತೆಯ ಹೊತ್ತಿಗೆ ಅಲ್ಲಿನ ಹತ್ತಾರು ಗಂಟೆಗಳಲ್ಲಿ ರಾಗ ಬಾರಿಸುವವಳು ನಾನೇ ಎಂದು ಅವನಿಗೆ ಗೊತ್ತಿರಲಿಲ್ಲ. ಹೇಳಬಹುದಿತ್ತು. "ಹೌದಾ?" ಎಂದು ಸುಮ್ಮನೆ ಕಾಫಿ ಕುಡಿದೆ.

ಐಸೆಲ್ ನದಿಯ ದಂಡೆಯ ನಮ್ಮ ಊರಿನಲ್ಲಿ ತಿಂಗಳಿಗೊಂದು ಶನಿವಾರ ಹಳೇ ಶಾಲೆಯ ಹಾಲಿನಲ್ಲಿ ರಿಪೇರಿ ಕೆಫೆ ನಡೆಯುತ್ತದೆ. ಕೈಗುಣ ಇದ್ದವರು ಪುಕ್ಕಟೆ ರಿಪೇರಿ ಮಾಡಿಕೊಡುತ್ತಾರೆ. ಷರತ್ತು ಒಂದೇ: ಕೆಟ್ಟ ಸಾಮಾನು ಬಿಟ್ಟು ಹೋಗುವಂತಿಲ್ಲ, ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ಕೂರಬೇಕು. ಈ ನಿಯಮ ಮಾಡಿದವರ ಹೊಟ್ಟೆ ತಣ್ಣಗಿರಲಿ.

"ವೈರಸ್ ಬಂದಿತ್ತು. ನಮ್ಮ ಭಾವ ಕ್ಲೀನ್ ಮಾಡಿದ್ರು. ಈಗ ನನ್ನ ಫೋಲ್ಡರ್ ನನಗೇ ತೆಗೆಯೋಕೆ ಬಿಡ್ತಿಲ್ಲ," ಎಂದೆ.

ಅವನು ಒತ್ತಿ ನೋಡಿದ. ನಿಮಗೆ ಅನುಮತಿ ಇಲ್ಲ ಎಂದು ಪರದೆ ಎಂದಿನಂತೆ ಮುಖಕ್ಕೆ ಹೊಡೆದ ಹಾಗೆ ಹೇಳಿತು.

"ಪಾಪ, ಅದರ ತಪ್ಪಲ್ಲ. ನಿಮ್ಮ ಭಾವ ಹೊಸ ಖಾತೆ ಮಾಡಿದಾರೆ. ಅದರ ಪಾಲಿಗೆ ಹಳೇ ಖಾತೆಯ ಯೋರಿಂಡೆ ಬೇರೆ, ಹೊಸ ಖಾತೆಯ ಯೋರಿಂಡೆ ಅಂದ್ರೆ ನೀವು ಬೇರೆ. ಅದೇ ಹೆಸರಿಟ್ಟುಕೊಂಡು ಯಾರೋ ಬಂದಿದಾರೆ ಅಂತ ಅನುಮಾನ."

"ನಾನೇ ಅಂತ ಹೇಗೆ ನಂಬಿಸೋದು?"

"ಬೇಡಿಕೊಂಡ್ರೆ ಆಗಲ್ಲ. ಇದು ನನ್ನದು ಅಂತ ಯಜಮಾನಿಕೆ ತಗೋಬೇಕು."

ಚಾರ್ಜರಿನ ಪಿನ್ ಸಿಕ್ಕಿಸಲು ಅವನು ಮೇಜಿನಡಿ ಬಗ್ಗಿದ. ಆಗ ಅವನ ನೆತ್ತಿ ಕಂಡಿತು. ಜೋಡಿ ಸುಳಿ, ನಡುವೆ ಏನು ಮಾಡಿದರೂ ಕೂರದ ಒಂದು ಕುಚ್ಚು ಕೂದಲು.

ಕಾಫಿಯ ಗುಟುಕು ನೆತ್ತಿಗೇರಿ ಕೆಮ್ಮು ಬಂತು. ಗೋಪುರದ ತುದಿಯಿಂದ ನನಗೆ ಕಾಣುವುದು ನೆತ್ತಿಗಳು ಮಾತ್ರ. ಸಂತೆಯ ನೂರಾರು ತಲೆಗಳಲ್ಲಿ ಈ ಒಂದು ತಲೆ ಮಾತ್ರ ಪ್ರತಿ ಗುರುವಾರ ಮೀನಿನಂಗಡಿ ಪಕ್ಕದ ಬೆಂಚಿನಲ್ಲಿ ಕೂತು, ಕೊನೆಯ ಗಂಟೆಯ ಸದ್ದು ಆರುವವರೆಗೂ ಅಲ್ಲಾಡುತ್ತಿರಲಿಲ್ಲ. ಮುಖವನ್ನೇ ನೋಡದೆ ನಾನು ಆ ತಲೆಯನ್ನು ಪ್ರೀತಿಸಿದ್ದೆ. ನಗುವವರು ನಗಲಿ.

"ನೀರು ತರಲಾ?" ಎಂದು ಅವನು ಮೇಲೆದ್ದ. ಬೂದುಗಣ್ಣು, ಕಿವಿಯವರೆಗೂ ಹರಡುವ ನಗು. ತಲೆಗೆ ತಕ್ಕ ಮುಖವೇ ಇತ್ತು.

"ಬೇಡ," ಎಂದೆ. ಕಣ್ಣು ಎಲ್ಲಿಡಬೇಕೋ ತಿಳಿಯದೆ ಪರದೆಯ ಮೇಲಿಟ್ಟೆ. ಅವನ ಕಣ್ಣು ಪರದೆಯ ಮೇಲಿರಲಿಲ್ಲ.

"ಒಳಗೆ ಅಂಥದ್ದೇನಿದೆ?"

"ಒಂದು ರಾಗ. ಸೋಮವಾರ ಬೆಳಿಗ್ಗೆಯೊಳಗೆ ಬೇಕು."

ಪೂರ್ತಿ ಹೇಳಲು ಧೈರ್ಯ ಬರಲಿಲ್ಲ. ಗೋಪುರದಲ್ಲಿ ಒಂದು ದೊಡ್ಡ ಉರುಳೆಯಿದೆ. ಅದಕ್ಕೆ ಮೊಳೆ ಸಿಕ್ಕಿಸಿ ರಾಗ ಕೂರಿಸಿದರೆ, ನಾನಿಲ್ಲದಾಗಲೂ ಗಂಟೆಗೊಮ್ಮೆ ತಾನೇ ನುಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ರಾಗ ಬದಲಾಗುತ್ತದೆ. ಸೋಮವಾರ ಗಡಿಯಾರದ ಮೇಸ್ತ್ರಿ ಬರುತ್ತಾರೆ. ಈ ನೆತ್ತಿಗಾಗಿ ಕಟ್ಟಿದ ರಾಗ ನನ್ನ ತಲೆಯಲ್ಲೇನೋ ಇತ್ತು, ಆದರೆ ಯಾವ ತೂತಿಗೆ ಯಾವ ಮೊಳೆ ಎಂಬ ಇಡೀ ಚಳಿಗಾಲದ ಕೆಲಸ ಆ ಫೋಲ್ಡರಿನಲ್ಲಿತ್ತು. ಅದು ಸಿಗದಿದ್ದರೆ ಇನ್ನೆರಡು ವರ್ಷ ಹಳೇ ರಾಗವೇ ಗತಿ. ಆ ಸಿಟ್ಟಿಗೇ ನಾನು ಸಂತೆಗೆಲ್ಲ ಸಾವಿನ ಕೀರ್ತನೆ ಬಾರಿಸುತ್ತಿದ್ದೆ.

ತೈಮೆನ್ ಒಂದು ಬಟನ್ ಒತ್ತಿದ. ಒಂದು ಹಸಿರು ಗೆರೆ ಹುಟ್ಟಿ, ಬಸವನ ಹುಳುವಿನ ಹಾಗೆ ತೆವಳತೊಡಗಿತು.

"ಒಂದೊಂದೇ ಫೈಲಿಗೆ ಹೋಗಿ, ನಿನ್ನ ಯಜಮಾನಿ ಬಂದಿದಾಳೆ ಅಂತ ಹೇಳಿ ಬರಬೇಕು. ಹಳೇ ಡಿಸ್ಕು, ನಿಧಾನ."

ನನಗೇನೂ ಅವಸರವಿರಲಿಲ್ಲ. ಅವನ ತೋಳು ನನ್ನ ತೋಳಿನಿಂದ ಒಂದು ಗೇಣು ದೂರದಲ್ಲಿತ್ತು.

ಕೆಫೆ ನಡೆಸುವ ಅಲೈಡಾ ಬಂದು ಕುರ್ಚಿಗಳನ್ನು ಮೇಜಿನ ಮೇಲೇರಿಸತೊಡಗಿದರು. "ಐದಾಯ್ತು ಮಕ್ಕಳೇ. ಮಿಕ್ಕಿದ್ದು ಮುಂದಿನ ತಿಂಗಳು."

"ಇನ್ನು ಸ್ವಲ್ಪ ಇದೆ ಅಲೈಡಾ," ಎಂದ ತೈಮೆನ್.

"ನಿನಗೆ ಯಾವತ್ತೂ ಸ್ವಲ್ಪ ಇರುತ್ತೆ. ಇವತ್ತು ಜಾಸ್ತಿನೇ ಇರೋ ಹಾಗಿದೆ," ಎಂದು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಮೇನ್ ಸ್ವಿಚ್ ಆರಿಸಿದರು.

"ಮುಚ್ಚಳ ಹಾಕಿದ್ರೆ ಕೆಲಸ ನಿಲ್ಲುತ್ತೆ, ಬ್ಯಾಟರಿಯೂ ಅಷ್ಟಕ್ಕಷ್ಟೇ. ಹತ್ತಿರ ಎಲ್ಲಾದ್ರೂ ಕರೆಂಟಿದೆಯಾ?" ಎಂದ.

"ನನ್ನ ಕೆಲಸದ ಜಾಗ ಇಲ್ಲೇ ಇದೆ."

ತೆರೆದ ಲ್ಯಾಪ್‌ಟಾಪನ್ನು ತುಂಬಿದ ಸಾರಿನ ಪಾತ್ರೆಯಂತೆ ಎರಡೂ ಕೈಯಲ್ಲಿ ಹಿಡಿದು ಅವನು ನಡೆದ. ಅವನ ಕಣ್ಣು ಹಸಿರು ಗೆರೆಯ ಮೇಲೆ. ದಾರಿ ನೋಡುವ ಕೆಲಸ ನನ್ನದು. ಮೊಣಕೈ ಹಿಡಿದುಕೊಂಡೆ. ಬೇಸಿಗೆಯ ಬಿಸಿಲು ಇಟ್ಟಿಗೆ ಗೋಡೆಗಳ ಮೇಲೆ ಜೇನಿನ ಬಣ್ಣದಲ್ಲಿ ಮಲಗಿತ್ತು. ಈ ಬಯಲು ಇನ್ನಷ್ಟು ಅಗಲವಾಗಿರಬಾರದಿತ್ತೇ ಅನ್ನಿಸಿತು.

ಗೋಪುರದ ಬಾಗಿಲ ಮುಂದೆ ನಿಂತು ಬೀಗದ ಕೈ ತೆಗೆದೆ. ಅವನು ಬೀಗದ ಕೈ ನೋಡಿದ, ಗೋಪುರ ನೋಡಿದ, ನನ್ನ ಮುಖ ನೋಡಿದ. ಕಿವಿ ಎರಡೂ ಬೀಟ್‌ರೂಟಿನಂತಾದವು.

"ಅಯ್ಯೋ ದೇವರೇ... ಚೀಸ್ ವಿಷಯ ಅಂದಿದ್ದು..."

"ಹುಳಿಯಾಗುತ್ತೆ ಅಂದ್ರಿ."

"ನಿಮಗೇ ಅಂದೆನಲ್ಲಾ!"

"ನಿಜಾನೇ ಅಂದ್ರಿ. ಬನ್ನಿ, ಮೆಟ್ಟಿಲು ಕಡಿದು, ತಲೆ ಜೋಪಾನ."

ವಾದ್ಯದ ಕೋಣೆ ತಲುಪುವಾಗ ಇಬ್ಬರಿಗೂ ಏದುಸಿರು. ಚಾರ್ಜರ್ ಸಿಕ್ಕಿಸಿದೆವು. ಗೆರೆ ಕೊನೆ ಮುಟ್ಟಿತು. ಫೋಲ್ಡರ್ ಏನೂ ಆಗದಿದ್ದ ಹಾಗೆ ಮೆಲ್ಲಗೆ ತೆರೆದುಕೊಂಡಿತು. ನನ್ನ ಕಣ್ಣು ತುಂಬಿ ಬಂತು. ಫೈಲನ್ನು ಆಗಲೇ ಮೇಸ್ತ್ರಿಗೆ ಕಳಿಸಿದೆ.

"ಸರಿ ಇದೆಯಾ ಅಂತ ಕೇಳೋಣ," ಎಂದು ತೈಮೆನ್ ನುಡಿಸಿದ. ಲ್ಯಾಪ್‌ಟಾಪಿನ ಕೀಚಲು ದನಿಯಲ್ಲಿ ರಾಗ ಎರಡು ಸಾಲು ಹೋಗಿರಬೇಕು, ಅವನ ಕೈ ಗಾಳಿಯಲ್ಲೇ ನಿಂತಿತು.

"ಇದು ನನಗೆ ಗೊತ್ತು. ವಸಂತದಲ್ಲಿ ಒಂದೇ ಸಲ ಬಾರಿಸಿದ್ರಿ. ಮತ್ತೆ ಬರುತ್ತೇನೋ ಅಂತ ಪ್ರತಿ ವಾರ ಕಾದೆ."

"ಅವತ್ತು ಧೈರ್ಯ ಮಾಡಿದ್ದೆ. ಕೆಳಗೆ ನೀವು ಒಂದು ಸಲವೂ ತಲೆ ಎತ್ತಲಿಲ್ಲ."

"ಕಣ್ಣು ಮುಚ್ಕೊಂಡಿದ್ದೆ. ಒಳ್ಳೇದು ಕೇಳುವಾಗ ನಾನು ಹಾಗೇ." ನನ್ನ ಕಡೆ ತಿರುಗಿ ಕೇಳಿದ, "ಯಾರಿಗೆ ಬರೆದದ್ದು?"

ಈ ರಾಗ ಸೋಮವಾರದಿಂದ ಗಂಟೆಗಂಟೆಗೂ ಊರಿಗೆಲ್ಲ ಕೇಳುತ್ತದೆ. ಯಾರಿಗೆಂದು ಈಗ ಹೇಳದಿದ್ದರೆ ಎರಡು ವರ್ಷ ನಾನು ಬಚ್ಚಿಟ್ಟುಕೊಂಡೇ ತಿರುಗಬೇಕು.

"ನಿಮಗೆ," ಎಂದೆ. "ಹೆಸರು ಗೊತ್ತಿರಲಿಲ್ಲ. ನಿಮಗೇ."

ಕಿಟಕಿಯಾಚೆ ಕಾಗೆಗಳು ಒಂದು ಸುತ್ತು ಹಾಕಿದವು. ಲ್ಯಾಪ್‌ಟಾಪನ್ನು ತೈಮೆನ್ ಮೆಲ್ಲಗೆ ಮುಚ್ಚಿ ಪಕ್ಕಕ್ಕಿಟ್ಟ.

"ನಿಜವಾದ ಗಂಟೆಯಲ್ಲಿ ಬಾರಿಸ್ತೀಯಾ?" ಎಂದ. ನೀವು ಹೋಗಿ ನೀನು ಬಂದಿತ್ತು.

ವಾದ್ಯದ ಮುಂದಿನ ಬೆಂಚಿನ ಮೇಲೆ ಕೂತೆ. "ಕೆಳಗೆ ಹೋಗು ಹಾಗಾದ್ರೆ. ಇಲ್ಲಿ ಬರೀ ಗದ್ದಲ, ಬಯಲಲ್ಲೇ ಚೆನ್ನಾಗಿ ಕೇಳೋದು."

"ಕೆಳಗೆ ಕೂತು ಕೇಳಿದ್ದು ಸಾಕು," ಎಂದು ಅವನು ಬೆಂಚಿನ ತುದಿಯಲ್ಲಿ, ಈ ಸಲ ಗೇಣು ದೂರವನ್ನೂ ಬಿಡದೆ ಕೂತ. "ಇನ್ನು ಮೇಲೆ ಇಲ್ಲೇ."

ಮುಷ್ಟಿ ಕಟ್ಟಿ, ತಂತಿಯಿಂದ ಗಂಟೆಗೆ ಬಿಗಿದ ಮರದ ಹಿಡಿಯ ಮೇಲೆ ಮೊದಲ ಸ್ವರ ಗುದ್ದಿದೆ. ಎರಡನೇ ಸಾಲಿಗೇ ತಪ್ಪಿತು, ಮೂರನೆಯದರಲ್ಲಿ ಮತ್ತೂ ತಪ್ಪಿತು. ಊರಿಗೆಲ್ಲ ಕೇಳಿಸಿತು, ಆದರೂ ನಾನು ನಿಲ್ಲಿಸಲಿಲ್ಲ.