ಯಾರೂ ಕಾಲೆತ್ತಬೇಡಿ

ಪಕ್ಕದ ಅಂಗಡಿಯವನು ಬಾಗಿಲು ತಳ್ಳಿದಾಗ, ರತ್ನಗಳಿಗೆ ಸಾಣೆ ಹಿಡಿಯುವ ಹರಳಜ್ಜ ತಮ್ಮ ಕೆಲಸದ ಮೇಜಿನ ಬುಡದಲ್ಲಿ ಬೋರಲು ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲೇ ಸುತ್ತಿಗೆ. ನೆಲದ ನಡುವೆ ಒಂದು ನೀಲಿ ಕಲ್ಲು.

ಹೊಸ್ತಿಲು ದಾಟಿ ಒಳಗೆ ಅಜ್ಜನ ಮಗಳು ನಿಂತಿದ್ದಳು. ಅಳಲಿಲ್ಲ. ಕೂಗಲಿಲ್ಲ. ಹೆತ್ತ ತಂದೆಯ ಹತ್ತಿರಕ್ಕೂ ಹೋಗಲಿಲ್ಲ. ನೆಟ್ಟ ಕಂಬದಂತೆ ನಿಂತಲ್ಲೇ ನಿಂತು, ಒಳಗೆ ಬರಹೊರಟವನಿಗೆ ಒಂದೇ ಮಾತು ಹೇಳಿದಳು —

"ಯಾರೂ ಕಾಲೆತ್ತಬೇಡಿ."

ಪೊಲೀಸರಿಗೆ ಅಷ್ಟೇ ಸಾಕಾಯಿತು. ಶ್ರೀಮಂತ ವಿಧವೆಯೊಬ್ಬರು ಉಂಗುರಕ್ಕೆ ಕೂರಿಸಲು ಕೊಟ್ಟಿದ್ದ ನೀಲ ಅದು. ಈಗ ನೋಡಿದರೆ ಬರೀ ಗಾಜು! ಮಗಳು ಅಸಲಿ ಕಲ್ಲನ್ನು ಬದಲಾಯಿಸಿದಳು, ಅಪ್ಪ ಕಂಡುಹಿಡಿದರು, ಮಗಳು ಸುತ್ತಿಗೆ ಎತ್ತಿದಳು. ಹೆಜ್ಜೆ ಗುರುತು ಕಾಣದಂತೆ ಕೋಣೆಯನ್ನು ಗುಡಿಸಿಯೂ ಇಟ್ಟಳು. ಸರ್ಕಾರಿ ವಕೀಲರು ಕತೆಯನ್ನು ಹೀಗೆ ಹೆಣೆದರು. ಗಲ್ಲು ಶಿಕ್ಷೆಗಿಂತ ಕಡಿಮೆ ಏನನ್ನೂ ಅವರು ಕೇಳುವವರಲ್ಲ.

ಅವಳ ಪರವಾಗಿ ನಿಂತವರು ನಮ್ಮ ವಕೀಲಮ್ಮ. ನಾನು ಅವರ ಗುಮಾಸ್ತ. ನನಗೆ ದೆವ್ವಗಳಲ್ಲಿ ನಂಬಿಕೆಯಿಲ್ಲ; ಹೆದರಿಕೆ ಮಾತ್ರ ಇದೆ. ಈ ಮೊಕದ್ದಮೆಯಲ್ಲಿ ಆ ಹೆದರಿಕೆಗೆ ಬಿಡುವೇ ಸಿಗಲಿಲ್ಲ.

ಜೈಲಿನಲ್ಲಿ ನಾವು ನೋಡಲು ಹೋದಾಗ ಆ ಹುಡುಗಿ ತನ್ನ ಕೋಣೆಯ ಕಸ ಗುಡಿಸುತ್ತಿದ್ದಳು. ಬಾಗಿಲಿನಿಂದ ಶುರುಮಾಡಿ ಹಿಂದೆ ಹಿಂದೆ ಸರಿಯುತ್ತ, ಒಳಗಿನ ಮೂಲೆಗೆ. ಆಮೇಲೆ ಕೂತು ಆ ಧೂಳನ್ನು ಬೆರಳಲ್ಲಿ ಕೆದಕುತ್ತ, ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಗಾಳಿ ಹಿಡಿದಿದೆ ಕಣಮ್ಮ ಇವಳಿಗೆ," ಎಂದಳು ಕಾವಲಿನವಳು. "ಕಸ ಹೊರಗೆ ಹಾಕು ಅಂದ್ರೆ ಹಾಕಲ್ಲ. ಅಪ್ಪ ಬೈತಾರಂತೆ!"

ನಾನು ಗೋಡೆಗೆ ಒತ್ತಿಕೊಂಡು ನಿಂತೆ. ವಕೀಲಮ್ಮ ಮಾತ್ರ ನೆಲದ ಮೇಲೆ ಅವಳ ಎದುರು ಕೂತರು.

"ಅವತ್ತು ಕೋಣೆ ಗುಡಿಸಿದ್ದು ನೀನೇನಾ?"

"ಇಲ್ಲಕ್ಕ. ಗಿರಾಕಿಗೆ ಸಾಮಾನು ಕೊಟ್ಟು ಆಗ ತಾನೇ ಬಂದಿದ್ದೆ."

"ಮತ್ತೆ ಅಪ್ಪ ಬಿದ್ದಿರೋದು ನೋಡಿಯೂ ಸುಮ್ಮನೆ ನಿಂತೆಯಲ್ಲ, ಯಾಕೆ?"

ಅವಳ ಕಣ್ಣು ನಮ್ಮಿಬ್ಬರ ನಡುವೆ ಎಲ್ಲೋ ನೆಟ್ಟಿತು.

"ಕಲ್ಲು ಬಿದ್ದಿತ್ತಲ್ಲ ಅಕ್ಕ... ಅಪ್ಪ ಹೇಳ್ತಾರೆ ಅಂತ ಕಾಯ್ತಿದ್ದೆ. ಇನ್ನೂ ಹೇಳಿಲ್ಲ."

ಸತ್ತವರು ಏನು ಹೇಳುತ್ತಾರೆ? ನಾನು ಬಾಗಿಲ ಕಡೆಗೆ ಸರಿದೆ. ವಕೀಲಮ್ಮ ಮಾತ್ರ ಮೂಲೆಯ ಧೂಳನ್ನೇ ನೋಡುತ್ತಿದ್ದರು. ಹೊರಗೆ ಬಂದವರೇ ಇನ್‌ಸ್ಪೆಕ್ಟರನ್ನು ಕರೆದುಕೊಂಡು ನೇರವಾಗಿ ಹರಳಜ್ಜನ ಕೋಣೆಗೆ ನಡೆದರು.

ಮುಚ್ಚಿದ ಕೋಣೆಯೊಳಗೆ ಅಜ್ಜ ಇನ್ನೂ ಇದ್ದರು — ಹಾಗೆಂದೇ ನನಗನ್ನಿಸಿತು. ಕೂರುವ ದಿಂಬು ಅವರ ಭಾರಕ್ಕೆ ತಗ್ಗಿದ್ದು ಹಾಗೇ ಇತ್ತು. ಕನ್ನಡಕ ಮಡಿಚಿಟ್ಟಿತ್ತು. ನನ್ನ ಮೊಣಕೈ ತಾಗಿ ಸಾಣೆಯ ಚಕ್ರ ಸಣ್ಣಗೆ ನರಳುತ್ತ ತಿರುಗಿತು. ನಾನು ಒಂದೇ ನೆಗೆತಕ್ಕೆ ಹೊರಗೆ ಬಿದ್ದೆ.

ಅಲ್ಲಿ ವಕೀಲಮ್ಮ ಹೊಸ್ತಿಲಿನ ಆಚೆ, ಒಣಗಿದ ಚರಂಡಿಯ ಅಂಚಿನಲ್ಲಿ ಬಗ್ಗಿದ್ದರು. ಬೂದಿಬಣ್ಣದ ಪುಡಿಯ ಒಂದು ಸಣ್ಣ ಗುಡ್ಡೆ.

"ನಿಮ್ಮ ಊಟದ ಡಬ್ಬಿ ಕೊಡಿ."

"ಮೇಡಂ, ಅದರಲ್ಲಿ ಊಟ ಇದೆ!"

"ಬೇಗ ತಿಂದು ಕೊಡಿ."

ತೊಳೆದು ಒರೆಸಿದ ಡಬ್ಬಿಗೆ ಅಷ್ಟೂ ಕಸ ಹೋಯಿತು. ಇನ್‌ಸ್ಪೆಕ್ಟರ್ ನಗುತ್ತಲೇ ಮೊಹರು ಒತ್ತಿ, ತಮ್ಮ ಬಳಿಯೇ ಇಟ್ಟುಕೊಂಡರು.

ವಿಚಾರಣೆಯ ದಿನ ಸಾಕ್ಷಿಕಟ್ಟೆ ಹತ್ತಿದವರು ರತ್ನಪರೀಕ್ಷಕರು. ವಿಧವೆಗೆ ಆ ನೀಲವನ್ನು ಕೊಡಿಸಿದವರು, ಅಸಲಿ ಎಂದು ಪ್ರಮಾಣಪತ್ರ ಬರೆದವರು ಅವರೇ. ಕೊರಳಲ್ಲಿ ಬೆಳ್ಳಿ ಸರಪಳಿ, ಅದರ ತುದಿಗೆ ಭೂತಗನ್ನಡಿ. ಮಾತಿಗೊಮ್ಮೆ ಆ ಸರಪಳಿಯನ್ನು ಸವರುತ್ತಿದ್ದರು. ಹಳೆಯ ಮಾಸಲು ಕೊಂಡಿಗಳ ನಡುವೆ ಒಂದು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು.

ಅಜ್ಜನ ಬಳಿ ಜೀವಮಾನವಿಡೀ ದುಡಿದ ಸಾಣೆಯವನು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಹುಡುಗಿ ಅವನನ್ನು ಮಾವ ಎಂದೇ ಕರೆಯುವುದು. ಕೊಲೆಯ ದಿನ ಅವನು ಆಸ್ಪತ್ರೆಯಲ್ಲಿ ಮಲಗಿದ್ದನೆಂದು ವೈದ್ಯರೇ ಹೇಳಿದ್ದರು.

ವಕೀಲಮ್ಮ ಎದ್ದರು. "ನಿಮಗೆ ಕಲ್ಲುಗಳ ಪರಿಚಯ ಹೇಗೆ?"

"ಒಳ್ಳೆ ಪ್ರಶ್ನೆ!" ಪರೀಕ್ಷಕರು ನಕ್ಕರು. "ಸಾಣೆಮನೆಯಲ್ಲೇ ಅಂಬೆಗಾಲಿಟ್ಟವನು ನಾನು. ಹತ್ತು ವರ್ಷ ಸಾಣೆ ಹಿಡಿದಿದ್ದೀನಿ."

"ಅಜ್ಜ ಸತ್ತ ದಿನ ಅವರ ಕೋಣೆಗೆ ಹೋಗಿದ್ರಾ?"

"ಇಲ್ಲ. ಆ ತಿಂಗಳೇ ಆ ಕಡೆ ತಲೆ ಹಾಕಿಲ್ಲ."

"ನಿಮ್ಮ ಕೈಯಿಂದ ಹೋದಾಗ ಕಲ್ಲು ಅಸಲಿ?"

"ನೂರಕ್ಕೆ ನೂರು. ಬದಲಾಗಿದ್ದು ಆ ಕೋಣೆಯಲ್ಲೇ."

"ಸರಿ. ಇದನ್ನ ಒಂದ್ಸಲ ನೋಡಿ ಹೇಳಿ."

ವಕೀಲಮ್ಮ ಅಜ್ಜನ ಕೋಣೆಯಲ್ಲಿ ಸಿಕ್ಕಿದ್ದ ಆ ನೀಲಿ ಕಲ್ಲನ್ನು ನೀಡಿದರು. ಅದು ವಕೀಲಮ್ಮನ ಬೆರಳಿನಿಂದಲೇ ಜಾರಿತು. ಟಿಣ್ — ನೆಲಕ್ಕೆ ಬಿದ್ದು ಪುಟಿಯಿತು.

ಪರೀಕ್ಷಕರು "ಅಯ್ಯೋ!" ಎನ್ನುತ್ತ ಕಟ್ಟೆಯಿಂದ ದಡದಡ ಇಳಿದು ಅತ್ತಿತ್ತ ಹೆಜ್ಜೆ ಹಾಕಿದರು. ಅವರ ಬೂಟು ತಾಗಿ ಕಲ್ಲು ಬೆಂಚುಗಳ ಕೆಳಗೆ ಎಲ್ಲೋ ಉರುಳಿಹೋಯಿತು. ಜವಾನ ಓಡಿಬಂದ. ನಾನೂ ಬಗ್ಗಿದೆ.

"ಆ ಇಬ್ಬರನ್ನ ನೋಡಿ ಸ್ವಾಮಿ," ಎಂದರು ವಕೀಲಮ್ಮ.

ನ್ಯಾಯಾಧೀಶರು ತಲೆಯೆತ್ತಿದರು. ಕಟಕಟೆಯಲ್ಲಿ ಹುಡುಗಿ ಕಲ್ಲಾಗಿ ನಿಂತಿದ್ದಳು. ಹಿಂದಿನ ಬೆಂಚಿನಿಂದ ಏಳಹೊರಟಿದ್ದ ಸಾಣೆಯವನು ಅರ್ಧ ಎದ್ದವನು ಹಾಗೆಯೇ ನಿಂತಿದ್ದ. ಇಬ್ಬರೂ ಉಸಿರಾಡುತ್ತಿದ್ದಂತೆ ಕಾಣಲಿಲ್ಲ. ಅವರ ನಡುವೆ ಮೂರನೆಯವರೊಬ್ಬರು ಅದೇ ರೀತಿ ನಿಂತಿದ್ದಾರೆ ಎಂದು ನನಗನ್ನಿಸಿತು.

"ಸಾಣೆಮನೆಯಲ್ಲಿ ಕಲ್ಲು ಬಿದ್ರೆ ಯಾರೂ ಕಾಲೆತ್ತಬಾರದು," ವಕೀಲಮ್ಮ ಹೇಳಿದರು. "ತುಳಿದ್ರೆ ಕಲ್ಲು ಹೋಯ್ತು, ಒದ್ರೆ ಸಂದಿ ಸೇರ್ತು. ಒಬ್ಬರು ಹುಡುಕಿ 'ಸಿಕ್ತು' ಅನ್ನೋವರೆಗೂ ಉಳಿದವರು ನಿಂತಲ್ಲೇ ನಿಲ್ಲಬೇಕು. ನಡೆಯೋಕೆ ಕಲಿಯೋ ಮೊದಲೇ ಇದನ್ನ ಕಲಿಸ್ತಾರೆ. ಅಪ್ಪ ಬಿದ್ದಿದ್ದು, ಕಲ್ಲು ಬಿದ್ದಿದ್ದು ಎರಡನ್ನೂ ಒಟ್ಟಿಗೆ ಕಂಡಾಗ ಈ ಹುಡುಗಿಯ ಬುದ್ಧಿ ನಿಂತುಹೋಯ್ತು. ಕಾಲು ಮಾತ್ರ ಕಲಿತಿದ್ದನ್ನ ಮಾಡ್ತು. ಅದನ್ನ ನಾವು ಕಲ್ಲೆದೆ ಅಂದ್ವಿ. ಆದರೆ ಅಂಬೆಗಾಲಲ್ಲೇ ಕಲಿತ ಪರೀಕ್ಷಕರು ಯಾಕೆ ಓಡಿದ್ರು?"

"ಗಾಬರಿಯಲ್ಲಿ... ಯಾರಾದ್ರೂ ಓಡ್ತಾರೆ," ಪರೀಕ್ಷಕರ ದನಿ ಒಣಗಿತ್ತು.

"ಓಡಲಿ. ಗುಡಿಸಿದ್ದಕ್ಕೆ ಏನಂತೀರಿ? ಆ ಮನೆಯಲ್ಲಿ ಧೂಳು ಅಂದ್ರೆ ದುಡಿಮೆ. ಚೂರು ಹೋಗದ ಹಾಗೆ ಬಾಗಿಲಿಂದ ಒಳಕ್ಕೇ ಗುಡಿಸಿ, ಜರಡಿ ಹಿಡೀತಾರೆ. ಈ ಹುಡುಗಿ ಜೈಲಿನಲ್ಲೂ ಹಾಗೇ ಗುಡಿಸ್ತಾಳೆ. ಕೊಂದವರು ತಮ್ಮ ಬೂಟಿನ ಗುರುತು ಅಳಿಸೋಕೆ ಗುಡಿಸಿದ್ರು — ಹೊರಕ್ಕೆ, ಚರಂಡಿಗೆ! ಸಾಣೆಮನೆಯವರು ಯಾರೂ ಹಾಗೆ ಗುಡಿಸಲ್ಲ. ಎಲ್ಲರೂ ಗುಡಿಸಿದ ನೆಲ ನೋಡಿದ್ರು, ಕಸ ಯಾವ ಕಡೆ ಹೋಯ್ತು ಅಂತ ಯಾರೂ ನೋಡಲಿಲ್ಲ."

ಇನ್‌ಸ್ಪೆಕ್ಟರ್ ಮೊಹರು ಒಡೆದರು. ಬಿಳಿ ಬಟ್ಟೆಯ ಮೇಲೆ ಡಬ್ಬಿಯನ್ನು ಸುರಿದು ಬೆರಳಾಡಿಸಿದರು. ಈ ಸಲ ಅವರು ನಗಲಿಲ್ಲ. ಅವರ ಬೆರಳ ತುದಿಯಲ್ಲಿ ಬಾಯ್ಬಿಟ್ಟ ಒಂದು ಬೆಳ್ಳಿ ಕೊಂಡಿ ಇತ್ತು.

ಪರೀಕ್ಷಕರ ಕೈ ತಾನಾಗಿ ಸರಪಳಿಗೆ ಹೋಯಿತು. ನೇರವಾಗಿ ಆ ಹೊಸ ಕೊಂಡಿಗೇ.

"ಅಜ್ಜ ಹಿಡಿದೆಳೆದಾಗ ಕಿತ್ತುಬಂದಿದ್ದು ಇದು," ಎಂದರು ವಕೀಲಮ್ಮ. "ಕಲ್ಲು ಬದಲಾಗಲೇ ಇಲ್ಲ ಸ್ವಾಮಿ. ಮೊದಲಿಂದಲೂ ಅದು ಗಾಜೇ. ಗಾಜನ್ನ ನೀಲ ಅಂತ ಮಾರಿದ್ದು ಇವರು. ಅದನ್ನ ಕಂಡುಹಿಡಿದವರನ್ನ ಕೊಂದಿದ್ದೂ ಇವರೇ."

ಪರೀಕ್ಷಕರು ಕುಸಿದು ಕೂತರು. "ಯಾರಿಗೂ ಹೇಳಬೇಡ ಅಂತ ಕಾಲು ಹಿಡ್ಕೊಂಡೆ," ಎಂದು ಗೊಣಗಿದರು. "ಆಯಮ್ಮನಿಗೆ ಹೇಳೇ ಹೇಳ್ತೀನಿ ಅಂದ್ಬಿಟ್ಟ ಮುದುಕ. ಈಗಲೂ ಕಣ್ಮುಚ್ಚಿದ್ರೆ ಆ ಚಕ್ರದ ಸದ್ದೇ..." ಪೊಲೀಸರು ಅವರನ್ನು ಎಬ್ಬಿಸಿ ಕರೆದೊಯ್ದರು.

ನ್ಯಾಯಾಧೀಶರು ಬಿಡುಗಡೆಯ ಮಾತು ಹೇಳಿದರು. ಕಾವಲಿನವಳು ಕಟಕಟೆಯ ಬಾಗಿಲು ತೆರೆದಳು. ಹುಡುಗಿ ಅಲ್ಲಾಡಲಿಲ್ಲ.

"ಬಾಮ್ಮ, ಮನೆಗೆ ಹೋಗು," ಎಂದೆ ನಾನು. ಅವಳಿಗೆ ಕೇಳಿಸಲೇ ಇಲ್ಲ. ಕಣ್ಣು ನೆಲದ ಮೇಲೇ ಇತ್ತು. ಅಪ್ಪ ಸತ್ತ ದಿನ ಹೇಗೆ ನಿಂತಿದ್ದಳೋ ಹಾಗೆಯೇ ನಿಂತಿದ್ದಳು. ಆ ಕೋಣೆಯಿಂದ ಅವಳು ಹೊರಗೆ ಬಂದೇ ಇಲ್ಲ ಎಂದು ನನಗೆ ಆಗ ಗೊತ್ತಾಯಿತು. ನನ್ನ ಹೆದರಿಕೆಯೆಲ್ಲ ಸಂಕಟವಾಯಿತು.

ವಕೀಲಮ್ಮ ಸಾಣೆಯವನತ್ತ ನೋಡಿ ತಲೆಯಾಡಿಸಿದರು. ಅವನು ಮಂಡಿಯೂರಿ, ಅಂಗೈಯಿಂದ ನೆಲ ಸವರುತ್ತ ಬೆಂಚಿನ ಕೆಳಗೆ ತೂರಿದ. ಯಾರೂ ಅಲುಗಲಿಲ್ಲ. ನ್ಯಾಯಾಧೀಶರೂ ಕುರ್ಚಿಯಿಂದ ಏಳಲಿಲ್ಲ. ಕೊನೆಗೆ ಅವನು ಮುಷ್ಟಿ ಬಿಗಿಹಿಡಿದು ಹೊರಗೆ ಬಂದ.

"ಸಿಕ್ತು ಮಗಳೇ," ಎಂದ.

ಅವಳು ಒಂದು ಕಾಲು ಎತ್ತಿದಳು, ಆಮೇಲೆ ಇನ್ನೊಂದು. "ಅಪ್ಪಾ" ಎಂದು ಕೂಗಿ ಮಾವನ ಹೆಗಲಿಗೆ ಒರಗಿ ಅಳತೊಡಗಿದಳು.